ಮನೆಸಾಲದ ಲೆಕ್ಕ

ಸಾಲ ತೆಗೆದು ಪಿಂಪ್ರಿ, ಹಡಪಸರಗಳಲ್ಲಿ ಮನೆ ಕೊಂಡ ವಾಚಕ ಬಂಧುಗಳಿಗಾಗಿ ಇದನ್ನು ಬರೆಯುತ್ತಿದ್ದೇವೆ.

ಸಾಲ 20 ಲಕ್ಷ, ಬಡ್ಡಿ ಶೇಕಡಾ 8.5, ಅವಧಿ 20 ವರ್ಷ ಎಂದಿಟ್ಟುಕೊಳ್ಳೋಣ. ತಿಂಗಳ ಕಂತು ಸುಮಾರು 17,356 ರೂಪಾಯಿ. ಮೊದಲ ಕಂತಿನಲ್ಲಿ 14,167 ಬಡ್ಡಿಗೇ ಹೋಗಿ, ಅಸಲಿಗೆ ಸಲ್ಲುವುದು 3,189 ಮಾತ್ರ. ಆರಂಭದಲ್ಲಿಯೇ ಬೋನಸ್ಸಿನ 20,000ವನ್ನು ಅಸಲಿಗೆ ಕಟ್ಟಿದರೆ, ದರ ಬದಲಾಗದಿದ್ದಲ್ಲಿ, ಕೊನೆಯ ಆರು ಕಂತುಗಳು ತಪ್ಪುತ್ತವೆ. ಎಂದರೆ ಲಕ್ಷಕ್ಕೂ ಮಿಕ್ಕಿದ ಹಣ. ಕಂತು ಹಾಗೆಯೇ ಇರಲಿ, ಅವಧಿ ಇಳಿಸಿರಿ ಎಂದು ಬ್ಯಾಂಕಿಗೆ ಬರೆದುಕೊಡಬೇಕು. ಬದಲಾಗುವ ಬಡ್ಡಿಯ ಮನೆಸಾಲವನ್ನು ಮೊದಲೇ ತೀರಿಸಿದರೆ ಬ್ಯಾಂಕುಗಳು ದಂಡ ಹಾಕಕೂಡದೆಂದು ರಿಸರ್ವ್ ಬ್ಯಾಂಕು 2012ರಲ್ಲಿಯೇ ಅಪ್ಪಣೆ ಮಾಡಿದೆ.

ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತಿಂಗಳು, ಬಡ್ಡಿ, ಅಸಲು, ಬಾಕಿ ಎಂದು ನಾಲ್ಕು ಕಲಮು ಹಾಕಿರಿ. ಬಾಕಿಯನ್ನು 8.5ರಿಂದ ಗುಣಿಸಿ 1200ರಿಂದ ಭಾಗಿಸಿದರೆ ಆ ತಿಂಗಳ ಬಡ್ಡಿ. ಪಕ್ಕದಲ್ಲಿ ಕಿರಾಣಿ, ಹಾಲು, ಲೈಟ್ ಬಿಲ್ಲು, ಶಾಲೆಯ ಫೀಜು ಬರೆಯಿರಿ. ಮೂರು ತಿಂಗಳ ಖರ್ಚು ಕೈಯಲ್ಲಿರಿಸಿಕೊಂಡೇ ಹೆಚ್ಚಿನ ಹಣ ಕಟ್ಟಿರಿ. ಬ್ಯಾಂಕಿನ ಸಾಲ ಇಳಿಸಲು ಹೋಗಿ ಕಿರಾಣಿ ಅಂಗಡಿಯ ಉದ್ರಿ ಏರಿಸಬಾರದು.