ಒಂದಕ್ಕೆ, ಎರಡಕ್ಕೆ: ಪಾಠಯೋಜನೆಯಲ್ಲಿ ಬಾರದ ಕಲಿಕೆ

ಶಿಶುವಿಹಾರಕ್ಕೋ ಪಂಚಾಯಿತಿಯ ಕೂಸಿನ ಮನೆಗೋ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿಗಳು ಹಾಡು, ಕಥೆ, ಮಿಂಚುಪಟ್ಟಿಗಳನ್ನು ಚೆನ್ನಾಗಿಯೇ ಸಿದ್ಧಪಡಿಸಿಕೊಂಡಿರುತ್ತಾರೆ. ಮಗು ಚಡ್ಡಿ ಒದ್ದೆ ಮಾಡಿಕೊಂಡಿತೆಂದರೆ ಮಾತ್ರ ಸಹಾಯಕಿಯನ್ನು ಕೂಗುತ್ತಾರೆ. ಎರಡು ವರ್ಷದ ಮಗುವಿನ ಮಟ್ಟಿಗೆ ಆ ದಿನದ ಅತಿ ಕಷ್ಟದ ಕಲಿಕೆ ಅದೇ. ಶಿಕ್ಷಕಿ ಅಲ್ಲಿಂದ ಹಿಂದೆ ಸರಿಯುವುದನ್ನು ಮಗುವೂ ನೋಡುತ್ತಿರುತ್ತದೆ.

ಹೆಚ್ಚಿನ ಮಕ್ಕಳು ಒಂದೂವರೆಯಿಂದ ಮೂರು ವರ್ಷದೊಳಗೆ ಇದಕ್ಕೆ ಸಿದ್ಧರಾಗುತ್ತಾರೆ. ಸುಮಾರು ಎರಡು ಗಂಟೆ ಒದ್ದೆಯಾಗದಿರುವುದು, ಚಡ್ಡಿ ತಾನೇ ಕೆಳಗೆಳೆಯುವುದು, ಕುಕ್ಕರಗಾಲಿನಲ್ಲಿ ಕೂರುವುದು, ಬಂತೆಂದು ಮುಖದಲ್ಲಾದರೂ ತಿಳಿಸುವುದು ಇದರ ಗುರುತುಗಳು. ರಾತ್ರಿಯ ಹಿಡಿತ ಬರುವುದು ಇನ್ನೂ ತಡವಾಗಿ.

ನಮ್ಮ ಮನೆಗಳಲ್ಲಿ ಈ ಅಭ್ಯಾಸ ಇನ್ನೂ ಮೊದಲೇ ಶುರುವಾಗಿರುತ್ತದೆ. ಅಜ್ಜಿ ಕಾಲು ಚಾಚಿ, ಪಾದಗಳ ಮೇಲೆ ಕೂಸನ್ನು ಕೂರಿಸಿ ‘ಸ್ಸ್...’ ಎನ್ನುತ್ತಾಳೆ. ಆ ಪಾದವೂ ಆ ಸದ್ದೂ ಕೇಂದ್ರದ ಬಿಳಿ ಬೇಸಿನ್ನಿನಲ್ಲಿಲ್ಲ. ಹಿತ್ತಲಿನಲ್ಲಿ ಕೂತು ರೂಢಿಯಾದ ಮಗುವಿಗೆ ಆ ಕತ್ತಲೆ ಕೋಣೆಯೇ ಭಯ. ಮಾತಿನದೂ ಇದೇ ಕಥೆ: ಎಣಿಕೆಯೇ ಬಾರದ ಮಗುವಿಗೆ ‘ಒಂದಕ್ಕೆ’, ‘ಎರಡಕ್ಕೆ’ ಎಂದರೆ ಒಗಟು. ಮನೆಯಲ್ಲಿ ಅದು ಸುಸು, ಉಚ್ಚೆ, ಕಕ್ಕ. ಉರ್ದು, ಲಂಬಾಣಿ ಮಾತಾಡುವ ಮನೆಗಳಲ್ಲಿ ಬೇರೆಯೇ ಪದ. ಆದ್ದರಿಂದ ಮೊದಲ ದಿನವೇ ತಾಯಿಯನ್ನು ಕೇಳಬೇಕು: ಮಗು ಏನನ್ನುತ್ತದೆ, ಎಲ್ಲಿ ಕೂರುತ್ತದೆ, ಯಾವ ಹೊತ್ತಿಗೆ? ಆ ಪದವನ್ನು ಹಾಜರಿ ಪುಸ್ತಕದಲ್ಲಿ ಹೆಸರಿನ ಪಕ್ಕ ಬರೆದಿಟ್ಟುಕೊಂಡರೆ ಸಹಾಯಕಿಗೂ ಅನುಕೂಲ.

ಹೇಳಲಾರದ ಮಗು ತಡೆದುಕೊಳ್ಳುತ್ತದೆ. ತಡೆದಷ್ಟೂ ಮಲ ಗಟ್ಟಿಯಾಗಿ ನೋಯುತ್ತದೆ. ನೋವಿಗೆ ಹೆದರಿ ಮತ್ತೆ ತಡೆಯುತ್ತದೆ. ಕೊನೆಗೆ ಗಟ್ಟಿ ಮಲದ ಪಕ್ಕದಿಂದ ತೆಳ್ಳಗೆ ಜಿನುಗಿ ಚಡ್ಡಿಗೆ ಕಲೆಯಾಗುತ್ತದೆ. ದೊಡ್ಡವರು ಇದನ್ನು ಸೋಮಾರಿತನವೆಂದು ಗದರುತ್ತಾರೆ. ಇಂಥ ಮಗುವನ್ನು ವೈದ್ಯರಿಗೆ ತೋರಿಸಲು ಪೋಷಕರಿಗೆ ಹೇಳಬೇಕು. ಒದ್ದೆಯಾಗದಿರಲಿ ಎಂದು ನೀರು ಕಡಿಮೆ ಕೊಡುವ ಉಪಾಯ ಕೆಲವೆಡೆ ಇದೆ. ಅದು ಮಲಬದ್ಧತೆಯನ್ನು ಹೆಚ್ಚಿಸುವುದಲ್ಲದೆ ಮೂತ್ರದ ಸೋಂಕಿಗೂ ದಾರಿ ಮಾಡುತ್ತದೆ.

ಊಟವಾದ ಮೇಲೆ ಕರುಳು ತಾನಾಗಿ ಚುರುಕಾಗುವುದರಿಂದ ಆಗ ಕೂರಿಸುವುದು ಒಳ್ಳೆಯದು. ಬಂದಾಗ, ಮಲಗುವ ಮುನ್ನ ಒಮ್ಮೊಮ್ಮೆ ಕೇಳಿದರೆ ಸಾಕು. ನಾಲ್ಕೈದು ನಿಮಿಷದಲ್ಲಿ ಆಗದಿದ್ದರೆ ಎಬ್ಬಿಸಿ, ಒತ್ತಾಯ ಬೇಡ. ಲಾಡಿ, ಹುಕ್ಕು, ಬಿಗಿ ಜೀನ್ಸ್ ಬೇಡ, ಇಲಾಸ್ಟಿಕ್ ಚಡ್ಡಿ ಹಾಕಿ ಕಳಿಸಿ, ಚೀಲದಲ್ಲಿ ಇನ್ನೊಂದು ಜೊತೆ ಇಡಿ ಎಂದು ಪೋಷಕರಿಗೆ ತಿಳಿಸಿ. (ಎಷ್ಟೋ ‘ಅಪಘಾತ’ಗಳು ಲಾಡಿಯ ಗಂಟಿನಿಂದಲೇ ಆಗುತ್ತವೆ.) ಹೆಣ್ಣುಮಕ್ಕಳನ್ನು ಮುಂದಿನಿಂದ ಹಿಂದಕ್ಕೆ ತೊಳೆಯಬೇಕು, ಆಮೇಲೆ ಮಗುವೂ ಶಿಕ್ಷಕಿಯೂ ಸೋಪಿನಿಂದ ಕೈ ತೊಳೆಯಬೇಕು. ಮಗುವಿನೊಂದಿಗೆ ಒಬ್ಬರೇ ಒಳಗೆ ಹೋಗಿ ಬಾಗಿಲು ಮುಚ್ಚಬಾರದು. ಉಳಿದ ಮಕ್ಕಳ ಕಣ್ಣಿಗೆ ಬೀಳದಂತೆ ಒಂದು ಪರದೆ ಇದ್ದರಾಯಿತು.

ಒದ್ದೆಯಾದಾಗ “ಒದ್ದೆ ಆಯ್ತಾ ಪುಟ್ಟ, ಬಾ, ಬೇರೆ ಹಾಕ್ಕೊಳ್ಳೋಣ” ಎಂದರೆ ಸಾಕು. “ಛೀ, ನಾಚಿಕೆ ಆಗಲ್ವಾ?” ಎಂಬ ಒಂದು ಮಾತಿಗೆ ಮಾರನೆಯ ದಿನದಿಂದ ಕೇಂದ್ರಕ್ಕೆ ಬರಲೊಲ್ಲೆನೆಂದು ಅಳುವ ಮಕ್ಕಳಿದ್ದಾರೆ. ಬಾಯಲ್ಲಿ ಹೇಳದೆ ಮೂಗು ಮುರಿದರೂ ಮಗುವಿಗೆ ಅರ್ಥವಾಗುತ್ತದೆ.

ಮೇಲ್ವಿಚಾರಕರು ಹಾಡಿನ ಅವಧಿ ಮುಗಿದೊಡನೆ ಎದ್ದುಹೋಗದೆ ಊಟದ ನಂತರದ ಅರ್ಧ ಗಂಟೆಯನ್ನೂ ವೀಕ್ಷಿಸುವುದು ಒಳ್ಳೆಯದು. ಆ ಹೊತ್ತಿನಲ್ಲಿ ಪ್ರಶಿಕ್ಷಣಾರ್ಥಿಗಳು ಸಹಾಯಕಿಯ ಜೊತೆ ನಿಂತು ಕಲಿಯಲಿ. ಯಾವ ಮಗು ಕಾಲು ಹೆಣೆದುಕೊಂಡರೆ ಏನರ್ಥವೆಂದು ಆಕೆಗೆ ಗೊತ್ತಿರುತ್ತದೆ.