ಹೆಜ್ಜಾರ್ಲೆಯ ತವರಿಗೆ ಹೋಗಿ ಬರೋಣ

ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಯಾವ ಊರಿಗೆ ಹೋಗುವುದು, ಯಾರ ಪಕ್ಕ ಯಾರು ಕೂರುವುದು, ಬುತ್ತಿಗೆ ಏನು ತರುವುದು ಎಂಬ ಚರ್ಚೆ ವಾರಗಟ್ಟಲೆ ನಡೆಯುತ್ತದೆ. ಬಸ್ಸು ಹೊರಟ ಮೇಲಂತೂ ಹಾಡು, ಚಪ್ಪಾಳೆ, ಕೇಕೆ! ಇವೆಲ್ಲ ಇಲ್ಲದಿದ್ದರೆ ಅದು ಪ್ರವಾಸವೇ ಅಲ್ಲ, ಅಲ್ಲವೇ?

ಆದರೆ ಮಕ್ಕಳೇ, ಒಂದು ವಿಷಯ ಯೋಚಿಸಿದ್ದೀರಾ? ನಮಗೆ ಅದು ಒಂದು ದಿನದ ಪ್ರವಾಸ. ನಾವು ಬಸ್ಸಿನಿಂದ ಇಳಿಯುವ ಜಾಗ ಮಾತ್ರ ಬೇರೆ ಯಾರದೋ ಮನೆ. ಈ ಸಲ ಅಂಥ ಒಂದು ಊರನ್ನು ನೋಡಿ ಬರೋಣ.

ಬೇಲಿ ಇಲ್ಲದ ಹಕ್ಕಿಗಳ ಊರು

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿಯ ಸಮೀಪ ಕೊಕ್ಕರೆ ಬೆಳ್ಳೂರು ಎಂಬ ಹಳ್ಳಿ ಇದೆ. ಪ್ರತಿ ವರ್ಷ ಚಳಿಗಾಲದ ಹೊತ್ತಿಗೆ ಇಲ್ಲಿಗೆ ಹೆಜ್ಜಾರ್ಲೆಗಳು ಬರುತ್ತವೆ. ಅವುಗಳ ಹಿಂದೆಯೇ ಬಣ್ಣದ ಕೊಕ್ಕರೆಗಳು ಬರುತ್ತವೆ. ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಗಳನ್ನು ಬೆಳೆಸಿ, ಮುಂಗಾರು ಆರಂಭವಾಗುವ ಹೊತ್ತಿಗೆ ಹೊರಟುಹೋಗುತ್ತವೆ.

ಹೆಜ್ಜಾರ್ಲೆ ಸಣ್ಣ ಹಕ್ಕಿಯಲ್ಲ. ಇದರ ತೂಕ 4ರಿಂದ 6 ಕಿಲೋಗ್ರಾಂ. ರೆಕ್ಕೆ ಬಿಚ್ಚಿದರೆ ಒಂದು ತುದಿಯಿಂದ ಇನ್ನೊಂದು ತುದಿಗೆ 2 ಮೀಟರಿಗೂ ಹೆಚ್ಚು. ಕೊಕ್ಕಿನ ಕೆಳಗೆ ಚೀಲವಿದೆ. ಮೀನು ಹಿಡಿಯುವಾಗ ಅದೇ ಇದರ ಬಲೆ.

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. 1940ರಲ್ಲಿ ಪಕ್ಷಿಧಾಮವಾದ ಆ ಜಾಗದಲ್ಲಿ ಹಕ್ಕಿಗಳು ಕಾವೇರಿಯ ನಡುಗಡ್ಡೆಗಳ ಮೇಲಿವೆ. ನಮಗೂ ಅವಕ್ಕೂ ನಡುವೆ ನದಿ ಇದೆ. ಕೊಕ್ಕರೆ ಬೆಳ್ಳೂರಿನಲ್ಲಿ ನದಿಯೂ ಅಡ್ಡವಿಲ್ಲ, ಬೇಲಿಯೂ ಇಲ್ಲ. ಬೀದಿಬದಿಯ, ಹಿತ್ತಿಲ ಹುಣಸೆ ಮರಗಳಲ್ಲೇ ಗೂಡುಗಳಿವೆ. ಕೆಳಗೆ ಎಮ್ಮೆ ಮೆಲುಕು ಹಾಕುತ್ತಿರುತ್ತದೆ, ಮೇಲೆ ಹೆಜ್ಜಾರ್ಲೆ ಮರಿಗೆ ಮೀನು ಉಣಿಸುತ್ತಿರುತ್ತದೆ. ಇಲ್ಲಿ ಹಕ್ಕಿಗೆ ಕಾವಲು ಎಂದರೆ ಮನುಷ್ಯರ ನಡತೆ ಮಾತ್ರ.

ತವರಿಗೆ ಬಂದ ಮಗಳು

ಈ ಊರಿನವರು ಹಕ್ಕಿಗಳನ್ನು ಹೆರಿಗೆಗೆ ತವರಿಗೆ ಬಂದ ಮಗಳಂತೆ ಕಾಣುತ್ತಾರೆ. ಬಾಣಂತಿ ಇರುವ ಮನೆಯಲ್ಲಿ ಗಲಾಟೆ ಮಾಡಿದರೆ ಅಜ್ಜಿ ಗದರುತ್ತಾರಲ್ಲವೇ? ಇಲ್ಲಿಯೂ ಹಾಗೆಯೇ.

ಇದಕ್ಕಾಗಿ ಅವರು ನಷ್ಟವನ್ನೂ ಸಹಿಸಿದ್ದಾರೆ. ಗೂಡಿರುವ ಮರದಿಂದ ಹುಣಸೆಹಣ್ಣು ಬಡಿಯುವಂತಿಲ್ಲ. ಹಕ್ಕಿಗಳು ಬರುವುದೂ ಹುಣಸೆ ಕೊಯ್ಯುವುದೂ ಒಂದೇ ಕಾಲದಲ್ಲಿ. ಹಣ್ಣು ಮಾರಿದರೆ ಹಣ ಬರುತ್ತಿತ್ತು. ಆದರೂ ಮರವನ್ನು ಹಕ್ಕಿಗೇ ಬಿಟ್ಟರು. ಮುಂದೆ ಅರಣ್ಯ ಇಲಾಖೆಯು ಮರದ ಒಡೆಯರಿಗೆ ಪರಿಹಾರ ಕೊಡುವ ವ್ಯವಸ್ಥೆ ಮಾಡಿತು.

ಹಕ್ಕಿಗಳಿಂದ ಊರಿಗೂ ಲಾಭವಿದೆ. ಹಿಕ್ಕೆಯಲ್ಲಿ ಸಾರಜನಕ ಮತ್ತು ರಂಜಕ ಹೇರಳವಾಗಿವೆ. ಮರದ ಕೆಳಗೆ ಗುಂಡಿ ತೋಡಿ, ಕೆರೆಯ ಹೂಳಿನ ಜೊತೆ ಹಿಕ್ಕೆ ಬೆರೆಯುವಂತೆ ಮಾಡಿದರೆ ಹೊಲಕ್ಕೆ ಒಳ್ಳೆಯ ಗೊಬ್ಬರ.

1976ರ ಸುಮಾರಿಗೆ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಇಲ್ಲಿನ ಹೆಜ್ಜಾರ್ಲೆಗಳ ಬಗ್ಗೆ ಬರೆದ ಮೇಲೆ ಹೊರಗಿನವರ ಗಮನ ಈ ಊರಿನ ಕಡೆ ಹರಿಯಿತು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು. ಊರ ಜನರೂ ಸೇರಿ ಕಾಪಾಡುವ ಜಾಗ ಎಂದು ಇದರ ಅರ್ಥ.

ಹತ್ತು ನಿಮಿಷದಲ್ಲಿ ಏನಾಗುತ್ತದೆ?

ಐವತ್ತು ಮಕ್ಕಳ ಒಂದು ತಂಡ ಮರದ ಕೆಳಗೆ ಬಂದು ನಿಂತಿತು ಎಂದುಕೊಳ್ಳಿ. ಹಕ್ಕಿ ಹಾರುವುದನ್ನು ನೋಡಬೇಕೆಂದು ಒಬ್ಬ ಹುಡುಗ ಜೋರಾಗಿ ಕೂಗಿದ. ಇನ್ನೊಬ್ಬ ಕಲ್ಲು ಬೀರಿದ. ತಾಯಿಹಕ್ಕಿ ಗೂಡು ಬಿಟ್ಟು ಹಾರಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹತ್ತು ನಿಮಿಷದ ನಂತರ ತಂಡ ಬಸ್ಸು ಹತ್ತಿತು.

ಆ ಹತ್ತು ನಿಮಿಷ ಗೂಡಿನಲ್ಲಿ ಏನು ನಡೆಯಿತು? ಮೊಟ್ಟೆಯೊಳಗಿನ ಮರಿ ಬೆಳೆಯಲು ಸುಮಾರು 36ರಿಂದ 38 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಕಾವು ಕಡಿಮೆಯಾದರೆ ಬೆಳವಣಿಗೆ ಕುಂಠಿತವಾಗುತ್ತದೆ. ಬಿಸಿಲಿಗೆ ಸಿಕ್ಕಿ 40 ಡಿಗ್ರಿ ದಾಟಿದರೆ ಜೀವಕ್ಕೇ ಅಪಾಯ. ಆದ್ದರಿಂದ ಬಿಸಿಲಿನ ದಿನಗಳಲ್ಲಿ ತಾಯಿತಂದೆ ಹಕ್ಕಿಗಳು ಗೂಡಿನಲ್ಲಿ ಕೂತಿರುವುದು ಮೊಟ್ಟೆಗೆ ಕಾವು ಕೊಡಲು ಮಾತ್ರವಲ್ಲ, ನೆರಳು ಕೊಡಲು ಕೂಡ. ಆಗತಾನೆ ಹೊರಬಂದ ಹೆಜ್ಜಾರ್ಲೆ ಮರಿಗೆ ಮೈಮೇಲೆ ಪುಕ್ಕವೇ ಇರುವುದಿಲ್ಲ. ಬಣ್ಣದ ಕೊಕ್ಕರೆಯು ರೆಕ್ಕೆಯನ್ನು ಕೊಡೆಯಂತೆ ಬಿಡಿಸಿ ಮರಿಗಳಿಗೆ ನೆರಳಾಗಿ ನಿಲ್ಲುವುದನ್ನು ಇಲ್ಲಿ ನೋಡಬಹುದು.

ಕಾವಲಿಲ್ಲದ ಗೂಡಿಗೆ ಕಾಗೆ, ಹದ್ದುಗಳೂ ನುಗ್ಗುತ್ತವೆ. ತಾಯಿಹಕ್ಕಿ ಗಾಬರಿಯಿಂದ ಏಳುವಾಗ ಮೊಟ್ಟೆಯೋ ಮರಿಯೋ ಕೆಳಗೆ ಬೀಳಬಹುದು. ನಮ್ಮ ತಂಡದ ನಂತರ ಇನ್ನೊಂದು ತಂಡ, ಆಮೇಲೆ ಮತ್ತೊಂದು ಬರುತ್ತದೆ ಎಂಬುದನ್ನೂ ಮರೆಯಬೇಡಿ.

ತಮಿಳುನಾಡಿನ ಶಿವಗಂಗೆ ಜಿಲ್ಲೆಯಲ್ಲಿ ವೇಟ್ಟಂಗುಡಿ ಎಂಬ ಪಕ್ಷಿಧಾಮವಿದೆ. ಹಕ್ಕಿಗಳು ಬೆದರಬಾರದೆಂದು ಅದರ ಸಮೀಪದ ಹಳ್ಳಿಗಳ ಜನ ದೀಪಾವಳಿಯಲ್ಲಿಯೂ ಪಟಾಕಿ ಹೊಡೆಯುವುದಿಲ್ಲ. ಅಲ್ಲಿನ ಮಕ್ಕಳು ವರ್ಷದ ಹಬ್ಬದಲ್ಲಿಯೇ ಪಟಾಕಿ ಬಿಟ್ಟಿದ್ದಾರೆ. ನಾವು ಒಂದು ಗಂಟೆ ಕೂಗದೆ ಇರಲಾರೆವೇ?

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಒಂದೇ ರೀತಿಯ ಎರಡು ಲೋಟ, ನೀರು, ಕೊಡೆ, ಶಾಲೆಯ ವಿಜ್ಞಾನ ಪೆಟ್ಟಿಗೆಯ ಉಷ್ಣತಾಮಾಪಕ. (ಜ್ವರ ನೋಡುವ ಥರ್ಮಾಮೀಟರ್ ಬಳಸಬೇಡಿ.)

ಎರಡೂ ಲೋಟಗಳಿಗೆ ಒಂದೇ ಅಳತೆಯ ಸ್ವಲ್ಪ ನೀರು ಹಾಕಿ. ಉಷ್ಣತೆ ಅಳೆದು ಬರೆದುಕೊಳ್ಳಿ. ಮಧ್ಯಾಹ್ನ ಅಂಗಳದಲ್ಲಿ ಎರಡನ್ನೂ ಹತ್ತಿರ ಹತ್ತಿರ ಇಡಿ. ಒಂದಕ್ಕೆ ಮಾತ್ರ ಕೊಡೆಯ ನೆರಳು ಕೊಡಿ. ಹತ್ತು ನಿಮಿಷಕ್ಕೊಮ್ಮೆ, ಅರ್ಧ ಗಂಟೆಯವರೆಗೆ, ಶಿಕ್ಷಕರ ಸಹಾಯದಿಂದ ಉಷ್ಣತೆ ಅಳೆದು ಪಟ್ಟಿ ಮಾಡಿ.

ಲೋಟ, ನೀರು, ಜಾಗ ಎಲ್ಲವೂ ಒಂದೇ. ಬೇರೆಯಾಗಿರುವುದು ನೆರಳು ಮಾತ್ರ. ಹಾಗಾದರೆ ಉಷ್ಣತೆಯ ವ್ಯತ್ಯಾಸಕ್ಕೆ ಕಾರಣವೇನು? ಮೊಟ್ಟೆಯೊಳಗೂ ಹೆಚ್ಚಿನ ಭಾಗ ನೀರೇ ಎಂಬುದನ್ನು ನೆನಪಿಡಿ. ಈಗ ಕೊಡೆಯ ಜಾಗದಲ್ಲಿ ತಾಯಿಹಕ್ಕಿಯನ್ನು ಊಹಿಸಿಕೊಳ್ಳಿ.

ಕೆಳಗೆ ಬಿದ್ದ ಮರಿ

ಗಾಳಿಗೆ, ಕೊಂಬೆ ಮುರಿದು, ಅಥವಾ ಒಡಹುಟ್ಟಿದ ಮರಿಗಳ ನೂಕುನುಗ್ಗಲಿಗೆ ಕೆಲವು ಮರಿಗಳು ಗೂಡಿನಿಂದ ಬೀಳುತ್ತವೆ. ತಾಯಿಹಕ್ಕಿ ನೆಲಕ್ಕಿಳಿದು ಅದಕ್ಕೆ ಉಣಿಸುವುದಿಲ್ಲ. ಈ ಊರಿನ ಯುವಕರು 'ಹೆಜ್ಜಾರ್ಲೆ ಬಳಗ' ಕಟ್ಟಿಕೊಂಡು, ಬಿದ್ದ ಮರಿಗಳನ್ನು ಆವರಣದಲ್ಲಿಟ್ಟು, ಮೀನು ತಿನ್ನಿಸಿ, ಬೆಳೆದ ಮೇಲೆ ಹಾರಿಬಿಡುವ ಕೆಲಸ ಮಾಡಿದ್ದಾರೆ. ಅಂಥ ಮರಿ ಕಂಡರೆ ನೀವು ಎತ್ತಿಕೊಳ್ಳಬೇಡಿ, ಬಿಸ್ಕತ್ತು ಹಾಕಬೇಡಿ. ಊರಿನವರಿಗೆ ತಿಳಿಸಿ. ಏನು ಮಾಡಬೇಕೆಂದು ಅವರಿಗೆ ಗೊತ್ತು.

ಕೆರೆಯೇ ಅವುಗಳ ಅಡುಗೆಮನೆ

ಹಕ್ಕಿಗಳ ಗೂಡು ಊರಿನಲ್ಲಿದ್ದರೂ ಊಟ ಸುತ್ತಲಿನ ಕೆರೆ, ಹೊಳೆಗಳಲ್ಲಿ. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಈ ಊರಿನಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತವು. ಪರೀಕ್ಷಿಸಿದಾಗ ದೇಹದಲ್ಲಿ ದುಂಡುಹುಳುಗಳು ಕಂಡುಬಂದವು. ಇಂಥ ಹುಳುಗಳು ಮೀನಿನ ಮೂಲಕ ಹಕ್ಕಿಯ ಹೊಟ್ಟೆ ಸೇರುತ್ತವೆ. ನೀರು, ಮೀನು, ಹಕ್ಕಿ ಒಂದೇ ಸರಪಳಿಯ ಕೊಂಡಿಗಳು. ಒಂದು ಕೊಂಡಿ ಕೆಟ್ಟರೆ ಉಳಿದವೂ ಕೆಡುತ್ತವೆ. ಆದ್ದರಿಂದ ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದರೆ ಪ್ಲಾಸ್ಟಿಕ್ ಚೀಲವನ್ನಾಗಲಿ ಎಂಜಲನ್ನಾಗಲಿ ನೀರಿಗೆ ಎಸೆಯಬಾರದು.

ಊರಿನವರ ಬಾಗಿಲಲ್ಲಿ

ಇಷ್ಟು ದೊಡ್ಡ ಹಕ್ಕಿಗಳಿರುವ ಮರದ ಕೆಳಗೆ ಮೀನಿನ ವಾಸನೆ, ಹಿಕ್ಕೆಯ ವಾಸನೆ ಇದ್ದೇ ಇರುತ್ತದೆ. ಮೂಗು ಮುಚ್ಚಿಕೊಂಡು 'ಥೂ' ಎನ್ನುವುದು ಸುಲಭ. ಆದರೆ ಆ ಮನೆಯವರು ತಿಂಗಳುಗಟ್ಟಲೆ ಅದೇ ಮರದ ಪಕ್ಕದಲ್ಲಿ ಉಂಡು, ಮಲಗುತ್ತಾರೆ. ಅವರ ಎದುರಿಗೆ ಹಾಗೆನ್ನುವುದು ಅವರ ಔದಾರ್ಯಕ್ಕೆ ಅವಮಾನ.

ಹಿತ್ತಿಲಿಗೆ ಹೋಗಬೇಕೇ? "ಅಜ್ಜಿ, ನಿಮ್ಮ ಮರದಲ್ಲಿರೋ ಹಕ್ಕಿ ನೋಡಬಹುದಾ?" ಎಂದು ಕೇಳಿ. ಕೇಳಿದರೆ ಮರದ ಕಥೆಯನ್ನೂ ಹೇಳಿಯಾರು. ಪುಸ್ತಕದಲ್ಲಿ ಸಿಗದ ಎಷ್ಟೋ ಸಂಗತಿಗಳು ಅವರಿಗೆ ತಿಳಿದಿರುತ್ತವೆ. ಒಪ್ಪಿಗೆ ಇಲ್ಲದೆ ಮನೆಯವರ ಫೋಟೋ ತೆಗೆಯಬೇಡಿ. ತಿಂಡಿ ಕೊಳ್ಳುವುದಿದ್ದರೆ ಅಲ್ಲಿಯ ಅಂಗಡಿಯಲ್ಲೇ ಕೊಳ್ಳಿ. ಮದ್ದೂರು ತಾಲ್ಲೂಕಿಗೆ ಹೋಗಿ ಮದ್ದೂರು ವಡೆ ತಿನ್ನದೆ ಬರುವುದುಂಟೇ?

ಹೊರಡುವ ಮುನ್ನ ನೆನಪಿಡಿ

* ಬಸ್ಸಿನಲ್ಲಿ ಬೇಕಾದಷ್ಟು ಹಾಡಿ. ಊರು ಹತ್ತಿರವಾದಂತೆ ಹಾಡು ನಿಲ್ಲಿಸಿ.
* ಗೂಡಿರುವ ಮರದ ಬುಡಕ್ಕೆ ಹೋಗದೆ ದೂರದಿಂದ ನೋಡಿ. ಸಣ್ಣ ಗುಂಪುಗಳಾಗಿ ಹೋಗಿ.
* ನೀರಿನ ಬಾಟಲಿ ಮನೆಯಿಂದಲೇ ತನ್ನಿ. ತಂದ ಕಸವನ್ನು ಚೀಲದಲ್ಲಿ ವಾಪಸ್ ತನ್ನಿ.
* ಗರಿ, ಮೊಟ್ಟೆಚಿಪ್ಪು ಎತ್ತಿಕೊಂಡು ಬರಬೇಡಿ. ಚಿತ್ರ ಬರೆದು, ಟಿಪ್ಪಣಿ ಮಾಡಿಕೊಂಡು ಬನ್ನಿ.

ನೀವು ಕೊಕ್ಕರೆ ಬೆಳ್ಳೂರಿಗೆ ಹೋಗದೆ ಇರಬಹುದು. ಜೋಗಕ್ಕೋ ಹಂಪಿಗೋ ಪಕ್ಕದೂರಿನ ಬೆಟ್ಟಕ್ಕೋ ಹೋಗಬಹುದು. ಎಲ್ಲಿಗೆ ಹೋದರೂ ಇಳಿಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಯಾರ ಮನೆ?

ಯೋಚಿಸಿ, ಉತ್ತರಿಸಿ

1. ಹಕ್ಕಿಗಳಿಂದ ಊರಿಗೆ ಆಗುವ ಒಂದು ಲಾಭ, ಒಂದು ನಷ್ಟ ಹೇಳಿ.
2. ತಾಯಿಹಕ್ಕಿ ಬಿಸಿಲಿನಲ್ಲಿ ಗೂಡು ಬಿಟ್ಟು ಹಾರಿದರೆ ಮೊಟ್ಟೆಗೆ ಏನಾಗುತ್ತದೆ? ನಿಮ್ಮ ಪ್ರಯೋಗದ ಪಟ್ಟಿಯನ್ನು ಬಳಸಿ ವಿವರಿಸಿ.
3. ನಿಮ್ಮ ಊರಿಗೆ ಹೊರಗಿನಿಂದ ಮಕ್ಕಳು ಪ್ರವಾಸಕ್ಕೆ ಬಂದರೆ ಅವರು ಹೇಗೆ ನಡೆದುಕೊಳ್ಳಬೇಕು? ಐದು ಸೂಚನೆಗಳನ್ನು ಬರೆಯಿರಿ.