ಸಹಿ ಹಾಕುವ ಮೊದಲು ಪ್ಲಾನ್ ಓದಿ



ಹೊಸ ಮನೆ ಕಟ್ಟಲಿಕ್ಕೆ ಉಂಟಾ? ಇಂಜಿನಿಯರ್ ಪ್ಲಾನ್ ತಂದು, "ಇಲ್ಲಿ ಒಂದು ಸಹಿ ಹಾಕಿ" ಅಂದರಾ? ಸ್ವಲ್ಪ ನಿಲ್ಲಿ. ಹೆಬ್ಬೆಟ್ಟು ಒತ್ತುವ ಕಾಲ ಹೋಯಿತು. ಈಗ ನಿಮಗೆ ಓದಲಿಕ್ಕೆ ಬರ್ತದೆ. ಮನೆಯ ಕೋಣೆ ಎಲ್ಲಿ ಎಂದು ನೋಡಿದ ಹಾಗೆ, ಮಳೆನೀರು ಎಲ್ಲಿಗೆ ಹೋಗ್ತದೆ ಎಂದೂ ನೋಡಿ.

ಲೆಕ್ಕ ಮಾಡೋಣ

ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ.

ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ತಾರಸಿ 100 ಚದರ ಮೀಟರ್ ಎಂದಿಟ್ಟುಕೊಳ್ಳಿ. ಒಂದು ದಿನ 50 ಮಿಲಿಮೀಟರ್ ಮಳೆ ಬಂತು.

100 × 50 = 5000 ಲೀಟರ್.

20 ಲೀಟರಿನ ಕೊಡದಲ್ಲಿ ಅಳೆದರೆ 250 ಕೊಡ!

ಮೊದಲು ಆ ಜಾಗದಲ್ಲಿ ಹುಲ್ಲು, ಮರಗಿಡ ಇತ್ತು. ಬಹಳಷ್ಟು ನೀರು ಅಲ್ಲೇ ಇಂಗುತ್ತಿತ್ತು. ಈಗ ತಾರಸಿ, ಸಿಮೆಂಟಿನ ಅಂಗಳ. ನೀರು ಇಂಗುವುದಿಲ್ಲ, ಓಡುತ್ತದೆ. ಗುಡ್ಡೆಯ ಕೆಳಗಿನ ಮನೆಯವರ ಅಂಗಳಕ್ಕೆ ನುಗ್ಗುತ್ತದೆ. ಮಳೆಗಾಲದಲ್ಲಿ ಅವರಿಗೆ ಕಷ್ಟ. ಬೇಸಿಗೆಯಲ್ಲಿ ನಿಮ್ಮ ಬಾವಿಗೆ ಕಷ್ಟ.

ನಿಯಮ ಏನು?

ಕೇರಳದ ಕಟ್ಟಡ ನಿಯಮದಲ್ಲಿ ಮಳೆನೀರು ಸಂಗ್ರಹ 2004ರಲ್ಲಿ ಸೇರಿತು. ಈಗ ಪಂಚಾಯತುಗಳಲ್ಲಿ 2019ರ ಕಟ್ಟಡ ನಿಯಮ ನಡೆಯುತ್ತದೆ. ಚಿಕ್ಕ ಮನೆಗಳಿಗೆ ವಿನಾಯಿತಿ ಉಂಟು. ಜಾಗವನ್ನು ತುಂಡು ತುಂಡು ಮಾಡಿ ಮನೆ ನಿವೇಶನವಾಗಿ ಮಾರಲಿಕ್ಕೂ ಅನುಮತಿ ಬೇಕು. ಗದ್ದೆಗೆ ಮಣ್ಣು ತುಂಬಿಸುವುದನ್ನು 2008ರ ಕಾನೂನು ತಡೆಯುತ್ತದೆ. ಯಾಕೆಂದರೆ ಮಳೆನೀರು ನಿಂತು ಇಂಗುವ ಜಾಗವೇ ಗದ್ದೆ.

ಪ್ಲಾನಿನಲ್ಲಿ ಏನು ನೋಡಬೇಕು?

1. ಜಾಗ ಯಾವ ಕಡೆಗೆ ಇಳಿಜಾರು?

2. ಮೊದಲೇ ಇದ್ದ ತೋಡು, ಕಣಿ ಚಿತ್ರದಲ್ಲಿ ಉಂಟಾ? ಅದರ ಮೇಲೆ ಗೋಡೆ ಬಂದಿದೆಯಾ? ತೋಡು ಮುಚ್ಚಿದರೆ ನೀರು ಬೇರೆ ದಾರಿ ಹುಡುಕುತ್ತದೆ.

3. ತಾರಸಿಯ ಪೈಪು ಎಲ್ಲಿಗೆ ಮುಗಿಯುತ್ತದೆ? ನೆರೆಮನೆಯ ಜಾಗಕ್ಕೆ ಬಿಡಬಾರದು.

4. ನೀರಿನ ಟಾಂಕಿ ಅಥವಾ ಇಂಗುಗುಂಡಿ ಎಲ್ಲಿ? ಕಕ್ಕಸು ಗುಂಡಿಯಿಂದ ಅದು ದೂರ ಇರಬೇಕು.

5. ಗುಡ್ಡೆ ಕಡಿದು ಮನೆ ಕಟ್ಟುವುದಾದರೆ, ಕಡಿದ ಬದಿಯ ಮೇಲೆ ಇಂಗುಗುಂಡಿ ಬೇಡ. ಮಣ್ಣು ನೀರು ಕುಡಿದು ಭಾರವಾಗಿ ಜರಿದು ಬೀಳಬಹುದು. ಅಂಥಲ್ಲಿ ನೀರನ್ನು ಕಣಿ ಮಾಡಿ ಕೆಳಗಿನ ತೋಡಿಗೆ ಮುಟ್ಟಿಸುವುದೇ ಒಳ್ಳೆಯದು.

ಇದರಲ್ಲಿ ಯಾವುದು ಕಾಣದಿದ್ದರೂ ಇಂಜಿನಿಯರರನ್ನು ಕೇಳಿ. "ಇದು ಎಲ್ಲಿ, ತೋರಿಸಿ" ಎನ್ನಿ. ಕಾಗದದಲ್ಲಿ ಗೆರೆ ತಿದ್ದುವುದು ಸುಲಭ. ಗೋಡೆ ಕೆಡವುವುದು ಕಷ್ಟ.

ಕಾಗದ ಮಲಯಾಳದಲ್ಲಿ ಇದ್ದರೆ?

ನಾಚಿಕೆ ಬೇಡ, ಓದಿ ಹೇಳಿಸಿಕೊಳ್ಳಿ. 1969ರ ಕೇರಳ ಆಡಳಿತ ಭಾಷಾ ಕಾನೂನಿನಂತೆ, ಇಲ್ಲಿಯ ಕನ್ನಡಿಗರು ಸ್ಥಳೀಯ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಪತ್ರ ಬರೆಯಬಹುದು. ಉತ್ತರವೂ ಕನ್ನಡದಲ್ಲೇ ಬರಬೇಕು. ಕಲಿತ ಅಕ್ಷರ ಇಂಥಲ್ಲಿ ಉಪಯೋಗಕ್ಕೆ ಬರಲಿ.

ಅಭ್ಯಾಸ

ಅ. ಉತ್ತರ ಬರೆಯಿರಿ: ತಾರಸಿ 80 ಚದರ ಮೀಟರ್. ಮಳೆ 30 ಮಿಲಿಮೀಟರ್. ನೀರು ಎಷ್ಟು ಲೀಟರ್?

ಆ. ಬಿಟ್ಟ ಸ್ಥಳ ತುಂಬಿರಿ: ತಾರಸಿಯ ನೀರನ್ನು ______ ಜಾಗಕ್ಕೆ ಬಿಡಬಾರದು.

ಇ. ಮಾಡಿ ನೋಡಿ: ಜೋರು ಮಳೆ ಬಂದಾಗ ಕೊಡೆ ಹಿಡಿದು ಮನೆಗೆ ಒಂದು ಸುತ್ತು ಬನ್ನಿ. ನೀರು ಹೋಗುವ ದಾರಿಯನ್ನು ಕಾಗದದಲ್ಲಿ ಬಾಣದ ಗುರುತು ಹಾಕಿ ತೋರಿಸಿ. ಮುಂದಿನ ತರಗತಿಗೆ ಆ ಕಾಗದ ತನ್ನಿ. ಎಲ್ಲರೂ ಸೇರಿ ಓದೋಣ.